ಹಾಲಿನ ಗಾಡಿಯಲ್ಲೊಂದು ರಕ್ತ ನಿಲ್ಲಿಸುವ ಡಬ್ಬಿ



ಪ್ರತಿ ಸಲ ಕೆಚ್ಚಲು ಬಾವು, ಕಾಲುಬಾಯಿ ಲಸಿಕೆ, ಖನಿಜ ಮಿಶ್ರಣ ಅಂತ ಹಸುವಿನ ವಿಷಯವನ್ನೇ ಬರೆಯುವ ನಾನು ಈ ಸಲ ನಿಮ್ಮ ವಿಷಯ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಎಷ್ಟೋ ಜನ ಈಗ ಸ್ಕೂಟಿಯಲ್ಲೇ ಡೇರಿಗೆ ಹಾಲು ತರುತ್ತೀರಿ, ಸ್ಕೂಟಿಯಲ್ಲೇ ಹುಲ್ಲಿನ ಹೊರೆ ಒಯ್ಯುತ್ತೀರಿ. ನೋಡಿದರೆ ಸಂತೋಷವಾಗುತ್ತದೆ. ಜೊತೆಗೆ ಒಂದು ಭಯವೂ ಆಗುತ್ತದೆ. ಆ ಭಯ ಎಲ್ಲಿಂದ ಬಂತು ಅಂತ ಮೊದಲು ಹೇಳಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆರೂವರೆ ಹೊತ್ತಿಗೆ, ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡವಾಗಿದೆ ಅಂತ ಫೋನ್ ಬಂದು ನಾನು ಹೊರಟಿದ್ದೆ. ದಾರಿಯ ತಿರುವಿನಲ್ಲಿ ಸ್ಕೂಟಿ ಒಂದು ಮಗ್ಗುಲಾಗಿ ಬಿದ್ದಿತ್ತು. ಕ್ಯಾನಿನ ಮುಚ್ಚಳ ಹಾರಿ ಡಾಂಬರಿನ ಮೇಲೆಲ್ಲ ಹಾಲು ಹರಿದಿತ್ತು, ಹಾಲಿನ ಒಳಗೆ ಕೆಂಪು ಸೇರಿಕೊಂಡಿತ್ತು. ಬಿದ್ದವರು ಒಂದು ಸಂಘದ ಸದಸ್ಯೆ. ಡೇರಿ ಮುಗಿಸಿ ಹಾಗೇ ಹುಲ್ಲು ಕೊಯ್ದು ತರೋಣ ಅಂತ ಕುಡುಗೋಲನ್ನು ಗಾಡಿಯ ಪಕ್ಕಕ್ಕೆ ಸಿಕ್ಕಿಸಿಕೊಂಡಿದ್ದರು. ಬಿದ್ದಾಗ ಅದೇ ತೊಡೆಯ ಹಿಂಭಾಗವನ್ನು ಸೀಳಿತ್ತು.

ಸುತ್ತ ಆರೇಳು ಜನ ಇದ್ದರು. ಒಬ್ಬರು 108ಕ್ಕೆ ಫೋನ್ ಮಾಡುತ್ತಿದ್ದರು, ಅದು ಸರಿಯಾದ ಕೆಲಸ. ಒಬ್ಬರು ನೀರು ಕುಡಿಸಲು ನೋಡುತ್ತಿದ್ದರು. ಒಬ್ಬ ಹುಡುಗ ಅಂಗಡಿಯಿಂದ ಕಾಫಿ ಪುಡಿ ತಂದಿದ್ದ. ಎಲ್ಲರಿಗೂ ಸಹಾಯ ಮಾಡುವ ಮನಸ್ಸು ಇತ್ತು. ಆದರೆ ಗಾಯದ ಮೇಲೆ ಕೈ ಇಟ್ಟವರು ಒಬ್ಬರೂ ಇರಲಿಲ್ಲ.

ನನ್ನ ಜೀಪಿನಲ್ಲಿ ಕರು ಎಳೆಯುವ ಹಗ್ಗ ಇತ್ತು, ಕ್ಯಾಲ್ಸಿಯಂ ಬಾಟಲಿ ಇತ್ತು, ಭುಜದವರೆಗೆ ಬರುವ ಗ್ಲೌಸ್ ಇತ್ತು. ಮನುಷ್ಯರ ಗಾಯಕ್ಕೆ ಬೇಕಾದ್ದು ಒಂದೂ ಇರಲಿಲ್ಲ. ಒಗೆದು ಮಡಿಸಿಟ್ಟ ಟವೆಲ್ ಒಂದಿತ್ತು. ಅದನ್ನೇ ಗಾಯಕ್ಕೆ ಒತ್ತಿ, ಅಂಗೈ ಸಾಲದೆ ಮಂಡಿ ಊರಿ, ಆಂಬುಲೆನ್ಸ್ ಬರುವವರೆಗೆ ಹಾಗೇ ಕೂತಿದ್ದೆ. ಆಕೆ ಉಳಿದುಕೊಂಡರು. ಈಗ ಮತ್ತೆ ಅದೇ ಸ್ಕೂಟಿಯಲ್ಲಿ ಡೇರಿಗೆ ಬರುತ್ತಾರೆ.

ನಾನು ಕರು ಹಾಕಿಸಬೇಕಾಗಿದ್ದ ಮನೆಗೆ ಹೋದಾಗ ಒಂದು ಗಂಟೆ ತಡವಾಗಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಆ ಮನೆಯಾಕೆ ವಿಷಯ ತಿಳಿದ ಮೇಲೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ರಸ್ತೆಯಲ್ಲಿದ್ದ ಆರೇಳು ಜನರಲ್ಲಿ ಒಬ್ಬರಿಗಾದರೂ ಗಾಯ ಒತ್ತಿ ಹಿಡಿಯುವುದು ಗೊತ್ತಿದ್ದಿದ್ದರೆ, ಅವರ ಕೈಗೆ ಒಪ್ಪಿಸಿ ನಾನು ಐದು ನಿಮಿಷದಲ್ಲಿ ಮುಂದೆ ಹೋಗಬಹುದಿತ್ತು. ಆ ಲೆಕ್ಕ ಈಗಲೂ ತಲೆಯಿಂದ ಹೋಗಿಲ್ಲ.

ಹಸುವಿನ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ

ಕೊಂಬು ಮುರಿದು ಹಸುವಿನ ಮುಖವೆಲ್ಲ ರಕ್ತವಾದದ್ದನ್ನು, ಮುಳ್ಳುತಂತಿಗೆ ಹಾಲಿನ ನರ ಸಿಕ್ಕಿ ನೆಲ ಕೆಂಪಾದದ್ದನ್ನು ನೀವು ನೋಡಿರುತ್ತೀರಿ. ಡಾಕ್ಟ್ರಮ್ಮ ಬರುವವರೆಗೆ ಹಸು ನಿಂತೇ ಇರುತ್ತದೆ. ಅದನ್ನು ನೋಡಿ ನೋಡಿ ನಮಗೆ ರಕ್ತದ ವಿಷಯದಲ್ಲಿ ಒಂದು ತಪ್ಪು ಧೈರ್ಯ ಬಂದುಬಿಟ್ಟಿದೆ. 400 ಕೆ.ಜಿ. ತೂಗುವ ಹಸುವಿನ ಮೈಯಲ್ಲಿ ಸುಮಾರು 22 ಲೀಟರ್ ರಕ್ತ ಇರುತ್ತದೆ. 55 ಕೆ.ಜಿ. ತೂಗುವ ಹೆಂಗಸಿನ ಮೈಯಲ್ಲಿ ಇರುವುದು ಮೂರೂವರೆಯಿಂದ ನಾಲ್ಕು ಲೀಟರ್ ಮಾತ್ರ. ನೀವು ದಿನಾ ಹಿಡಿಯುವ ಐದು ಲೀಟರ್ ಕ್ಯಾನು ಕೂಡ ತುಂಬುವುದಿಲ್ಲ. ಅದರಲ್ಲಿ ಒಂದೂವರೆ ಲೀಟರ್ ಹೋದರೆ ಜೀವಕ್ಕೆ ಅಪಾಯ. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಅಷ್ಟು ಹೋಗಲು ಕೆಲವೇ ನಿಮಿಷ ಸಾಕು.

ಇನ್ನೊಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಮೊದಲೇ ನೀರಾಗಿರುವ ರಕ್ತ, ಅದರಲ್ಲೂ ಹೋಗುವುದು ಅಂದರೆ ತಡೆಯುವ ಶಕ್ತಿ ಇನ್ನೂ ಕಡಿಮೆ. ಹಳ್ಳಿಯ ರಸ್ತೆಗೆ ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಆ ಮೊದಲ ಕೆಲವು ನಿಮಿಷಕ್ಕೆ ಅದು ಬಂದಿರುವುದಿಲ್ಲ. ಆ ಹೊತ್ತಿನಲ್ಲಿ ಅಲ್ಲಿರುವವರು ನೀವೇ. ಆದ್ದರಿಂದ ಗಾಡಿಯಲ್ಲಿ ಒಂದು ಡಬ್ಬಿ ಇರಬೇಕು ಅನ್ನುವುದು ನನ್ನ ಒತ್ತಾಯ.

ಡಬ್ಬಿಯಲ್ಲಿ ಏನಿರಬೇಕು

ಹೊಸ ಗಾಡಿ ಕೊಂಡಾಗ ಕೊಡುವ ಚಿಕ್ಕ ಪ್ರಥಮ ಚಿಕಿತ್ಸೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಸಾಮಾನ್ಯವಾಗಿ ನಾಲ್ಕಾರು ಅಂಟುಪಟ್ಟಿ, ಬೆರಳು ಗಾತ್ರದ ಒಂದು ಬ್ಯಾಂಡೇಜ್, ಒಂದು ಮುಲಾಮು, ಸ್ವಲ್ಪ ಹತ್ತಿ ಇರುತ್ತದೆ. ಈರುಳ್ಳಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ಅದು ಸಾಕು. ರಸ್ತೆಯಲ್ಲಿ ಬಿದ್ದವರಿಗೆ ಸಾಲದು.

ಮೊದಲು ಬೇಕಾದ್ದು ಗಾಜ್ ಬಟ್ಟೆ. ಬಿಡಿ ಹತ್ತಿ ಅಲ್ಲ. ಹತ್ತಿ ಗಾಯಕ್ಕೆ ಅಂಟಿಕೊಂಡು ಎಳೆ ಎಳೆಯಾಗಿ ಒಳಗೇ ಉಳಿಯುತ್ತದೆ, ಒತ್ತಿದರೆ ಕುಗ್ಗಿ ಹೋಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸ್ಟೆರೈಲ್ ಗಾಜ್ ಅಂತ ಕೇಳಿದರೆ ಕಾಗದದ ಪೊಟ್ಟಣದಲ್ಲಿ ಸಿಗುತ್ತದೆ. ದೊಡ್ಡ ಅಳತೆಯದು ಹತ್ತು ಪೊಟ್ಟಣ ಇಡಿ. ಜೊತೆಗೆ ಉದ್ದನೆಯ ರೋಲ್ ಗಾಜ್ ಎರಡು. ಇದನ್ನು ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಡಬ್ಬಿಯಲ್ಲಿ ಜೀವ ಉಳಿಸುವ ಕೆಲಸದ ಮುಕ್ಕಾಲು ಪಾಲು ಇದರದ್ದೇ. ಉಳಿದದ್ದೆಲ್ಲ ಇದಕ್ಕೆ ಸಹಾಯ.

ಎರಡನೆಯದು ಆರು ಇಂಚು ಅಗಲದ ಕ್ರೇಪ್ ಬ್ಯಾಂಡೇಜ್, ಎರಡು ಅಥವಾ ಮೂರು. ಗಾಜ್ ಇಟ್ಟು ಒತ್ತಿದ ಮೇಲೆ ಅದು ಜಾರದಂತೆ ಬಿಗಿಯಾಗಿ ಸುತ್ತಲು ಇದು ಬೇಕು. ಎಳೆದರೆ ಹಿಗ್ಗುವುದರಿಂದ ಒತ್ತಡ ಹಾಗೇ ನಿಲ್ಲುತ್ತದೆ.

ಹಳೆಯ ಒಗೆದ ಹತ್ತಿ ಸೀರೆಯಿಂದ ಒಂದು ಗಜದ ಚೌಕ ಕತ್ತರಿಸಿ, ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ತ್ರಿಕೋನ ಬಟ್ಟೆ ಆಗುತ್ತವೆ. ಮುರಿದ ಕೈಯನ್ನು ಕತ್ತಿಗೆ ಜೋಲಿ ಕಟ್ಟಲು, ಮುರಿದ ಕಾಲಿಗೆ ರಟ್ಟು ಕಟ್ಟಲು ಇದು ಸಾಕು. ಇದಕ್ಕೆ ದುಡ್ಡು ಕೊಡಬೇಡಿ.

ಗ್ಲೌಸ್ ನಾಲ್ಕು ಜೊತೆ. ಗಡಿಬಿಡಿಯಲ್ಲಿ ಒಂದು ಹರಿದೇ ಹರಿಯುತ್ತದೆ. ಗ್ಲೌಸ್ ಇಲ್ಲದಿದ್ದರೆ ಹಾಲಿನ ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಂಡು ಒತ್ತಿ. ಒತ್ತದೆ ಇರಬೇಡಿ.

ಕತ್ತರಿ ಒಂದು, ತುದಿ ಮೊಂಡಾಗಿರುವಂಥದ್ದು. ಸೀರೆ, ಲಂಗ, ಪ್ಯಾಂಟ್ ಕತ್ತರಿಸದೆ ಗಾಯ ಎಲ್ಲಿದೆ ಅಂತ ಕಾಣುವುದಿಲ್ಲ. ನಮ್ಮ ಹೆಂಗಸರ ವಿಷಯದಲ್ಲಿ ಇದು ದೊಡ್ಡ ತೊಡಕು. ಮಾನ ಹೋಗುತ್ತದೆ ಅಂತ ಯಾರೂ ಬಟ್ಟೆ ಮುಟ್ಟುವುದಿಲ್ಲ, ಕೆಳಗೆ ರಕ್ತ ಹೋಗುತ್ತಲೇ ಇರುತ್ತದೆ. ಮೇಲೆ ಹೇಳಿದ ಘಟನೆಯಲ್ಲೂ ಹಾಗೇ ಆಗಿತ್ತು. ಇಬ್ಬರು ಹೆಂಗಸರು ಸೀರೆಯೊಂದನ್ನು ಅಡ್ಡ ಹಿಡಿದು ನಿಂತರೆ ಮರೆಯಾಗುತ್ತದೆ. ನಾನು ಅಂದು ಅದನ್ನೇ ಮಾಡಿಸಿದೆ. ಪಲ್ಲು ಅಥವಾ ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಬಿಗಿದುಕೊಂಡಾಗಲೂ ಬಿಡಿಸುತ್ತಾ ಕೂರದೆ ಕತ್ತರಿಸುವುದೇ ಸರಿ. ಹೊರಡುವ ಮೊದಲು ಪಲ್ಲು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಇದ್ದರೆ ಆ ಕತ್ತರಿ ತೆಗೆಯುವ ಪ್ರಸಂಗವೇ ಬರುವುದಿಲ್ಲ.

ಚಿಕ್ಕ ಟಾರ್ಚ್, ಒಂದು ಮಾರ್ಕರ್ ಪೆನ್, ಅಗಲವಾದ ಅಂಟುಪಟ್ಟಿ, ತೆಳುವಾದ ಒಂದು ಹೊದಿಕೆ. ಹೊದಿಕೆ ಯಾಕೆ ಅಂತ ಕೇಳಬಹುದು. ರಕ್ತ ಹೋದವರ ಮೈ ತಣ್ಣಗಾಗುತ್ತದೆ, ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಆಗ ಇನ್ನಷ್ಟು ರಕ್ತ ಹೋಗುತ್ತದೆ. ಮಳೆಗಾಲದಲ್ಲಿ ಒದ್ದೆ ರಸ್ತೆಯ ಮೇಲೆ ಬಿದ್ದವರಿಗೆ ಬೇಸಿಗೆಗಿಂತ ಬೇಗ ಹೀಗಾಗುತ್ತದೆ. ಮನೆಯ ಹಳೆಯ ಶಾಲು ಸಾಕು.

ಟೂರ್ನಿಕೆ ಪಟ್ಟಿಯ ಮಾತು

ಕೈ ಅಥವಾ ಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು, ಜೋರಾಗಿ ಒತ್ತಿದರೂ ನಿಲ್ಲದೆ ಇದ್ದಾಗ ಮೇಲಿನಿಂದ ಬಿಗಿದು ರಕ್ತದ ಹರಿವನ್ನೇ ತಡೆಯುವ ಪಟ್ಟಿಗೆ ಟೂರ್ನಿಕೆ ಅನ್ನುತ್ತಾರೆ. ಅದರಲ್ಲಿ ಒಂದು ಚಿಕ್ಕ ಕಡ್ಡಿ ಇರುತ್ತದೆ, ತಿರುಗಿಸಿದಂತೆ ಪಟ್ಟಿ ಬಿಗಿಯುತ್ತದೆ. ಮೊಬೈಲ್‌ನಲ್ಲಿ ತರಿಸುವಾಗ ತೀರಾ ಅಗ್ಗದ್ದು ಬೇಡ, ತಿರುಗಿಸುವಾಗಲೇ ಕಡ್ಡಿ ಮುರಿಯುವ ನಕಲಿಗಳು ಇವೆ.

ಪಟ್ಟಿ ಇಲ್ಲದಿದ್ದರೆ ನಾಲ್ಕು ಬೆರಳು ಅಗಲಕ್ಕೆ ಮಡಿಸಿದ ಬಟ್ಟೆ ಮತ್ತು ಗಟ್ಟಿಯಾದ ಒಂದು ಕೋಲಿನಿಂದ ಮಾಡಿಕೊಳ್ಳಬಹುದು. ಬಟ್ಟೆಯನ್ನು ಗಾಯದಿಂದ ನಾಲ್ಕು ಬೆರಳು ಮೇಲಕ್ಕೆ, ಅಂದರೆ ಎದೆಯ ಕಡೆಗೆ ಕಟ್ಟಿ. ಮೊಣಕಾಲು, ಮೊಣಕೈ ಕೀಲಿನ ಮೇಲೆ ಕಟ್ಟಬಾರದು. ಗಂಟಿನೊಳಗೆ ಕೋಲು ಇಟ್ಟು ರಕ್ತ ನಿಲ್ಲುವವರೆಗೆ ತಿರುಗಿಸಿ, ಕೋಲನ್ನು ಇನ್ನೊಂದು ಬಟ್ಟೆಯಿಂದ ಕಟ್ಟಿಬಿಡಿ. ಎಷ್ಟು ಗಂಟೆಗೆ ಕಟ್ಟಿದಿರಿ ಅನ್ನುವುದನ್ನು ಮಾರ್ಕರ್‌ನಲ್ಲಿ ಆಕೆಯ ಹಣೆಯ ಮೇಲೋ ಕೈ ಮೇಲೋ ಬರೆಯಿರಿ. ಕಟ್ಟಿದ ಮೇಲೆ ಆಸ್ಪತ್ರೆಯವರೇ ಬಿಚ್ಚಬೇಕು. ನಡುನಡುವೆ ಸಡಿಲಿಸಿ ನೋಡಬಾರದು. ತುಂಬ ನೋಯುತ್ತದೆ, ಕೂಗುತ್ತಾರೆ, ಆದರೂ ಸಡಿಲಿಸಬಾರದು. ಎರಡು ಗಂಟೆಯೊಳಗೆ ಆಸ್ಪತ್ರೆ ಮುಟ್ಟಬೇಕು.

ಹಸುವಿನ ಹಗ್ಗ, ಸೆಣಬಿನ ದಾರ, ತಂತಿ, ಸೈಕಲ್ ಟ್ಯೂಬಿನ ಸಣ್ಣ ಪಟ್ಟಿ ಇವು ಬೇಡವೇ ಬೇಡ. ಸಣ್ಣದಾಗಿ ಬಿಗಿದದ್ದು ಚರ್ಮ, ನರ ಕತ್ತರಿಸುತ್ತದೆ, ಒಳಗಿನ ರಕ್ತವನ್ನು ಮಾತ್ರ ನಿಲ್ಲಿಸುವುದಿಲ್ಲ. ಹಾವು ಕಚ್ಚಿದಾಗ ಕಟ್ಟಿದಂತೆ ಇದನ್ನು ಕಟ್ಟುವವರೂ ಇದ್ದಾರೆ. ಹಾವು ಕಚ್ಚಿದ್ದಕ್ಕೆ ಬಿಗಿಯಾಗಿ ಕಟ್ಟಲೇ ಬಾರದು, ಅದು ಬೇರೆ ಪಾಠ.

ಒತ್ತುವುದು ಹೇಗೆ

ಮೊದಲು ನಿಮ್ಮ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ. ಇಬ್ಬರನ್ನು ರಸ್ತೆಯ ಎರಡೂ ಕಡೆ ಸ್ವಲ್ಪ ದೂರದಲ್ಲಿ ನಿಲ್ಲಿಸಿ, ಬರುವ ಗಾಡಿಗಳಿಗೆ ಕೈ ತೋರಿಸಲಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಅದು ಸಿಗದಿದ್ದರೆ 112. ಊರಿನ ಹೆಸರಿನ ಜೊತೆಗೆ ಡೇರಿ, ಶಾಲೆ, ದೇವಸ್ಥಾನ ಹೀಗೆ ಒಂದು ಗುರುತು ಹೇಳಿ.

ಗಾಯದ ಮೇಲೆ ಗಾಜ್ ದಪ್ಪವಾಗಿ ಇಟ್ಟು ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ನೇರ ಮಾಡಿ, ಮೈ ಭಾರ ಹಾಕಿ ಒತ್ತಿ. ರಾಗಿ ಹಿಟ್ಟು ನಾದುವಾಗ ಹಾಕುವಷ್ಟು ಬಲ ಬೇಕು. ಹತ್ತು ನಿಮಿಷ ಎತ್ತಿ ನೋಡಬಾರದು. ಎಲ್ಲರೂ ಮಾಡುವ ತಪ್ಪು ಇದೇ, ಅರ್ಧ ನಿಮಿಷಕ್ಕೊಮ್ಮೆ ನಿಂತಿತಾ ಅಂತ ಎತ್ತಿ ನೋಡುವುದು. ಎತ್ತಿದಾಗೆಲ್ಲ ಆಗತಾನೆ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ಗಾಜ್ ನೆನೆದರೆ ತೆಗೆಯಬೇಡಿ, ಅದರ ಮೇಲೆ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಿ. ತೊಡೆಸಂದು, ಕಂಕುಳಿನಲ್ಲಿ ಆಳದ ಗಾಯವಾಗಿದ್ದರೆ ಅಲ್ಲಿ ಟೂರ್ನಿಕೆ ಕಟ್ಟಲು ಆಗುವುದಿಲ್ಲ. ರೋಲ್ ಗಾಜನ್ನು ಬೆರಳಿನಿಂದ ಗಾಯದ ಒಳಗೆ ತಳ ಮುಟ್ಟುವವರೆಗೆ ತುಂಬಿ, ಆಮೇಲೆ ಒತ್ತಬೇಕು. ಎದೆಗೂ ಹೊಟ್ಟೆಗೂ ಹೀಗೆ ತುಂಬಬಾರದು. ಕಬ್ಬಿಣದ ಚೂರು, ಕೋಲು, ಕುಡುಗೋಲು ಏನಾದರೂ ಒಳಗೆ ನೆಟ್ಟಿದ್ದರೆ ಕೀಳಬೇಡಿ. ಅದೇ ಬಿರಡೆಯ ಹಾಗೆ ರಕ್ತ ತಡೆದಿರಬಹುದು. ಅದರ ಎರಡೂ ಪಕ್ಕ ಒತ್ತಿ.

ಬಾಯಿಗೆ ನೀರು, ಕಾಫಿ ಏನೂ ಹಾಕಬೇಡಿ. ಪ್ರಜ್ಞೆ ಇಲ್ಲದವರಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಸುವಿಗೆ ಗೊಟ್ಟದಲ್ಲಿ ಔಷಧಿ ಹಾಕಿ ನ್ಯುಮೋನಿಯಾ ತಂದುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದು ಅನ್ನಿಸಿದರೆ ಎತ್ತಿ ಕೂರಿಸುವುದು, ಎಳೆಯುವುದು ಬೇಡ. ಉಸಿರಾಡುತ್ತಿದ್ದರೆ ಹೆಲ್ಮೆಟ್ ಹಾಗೇ ಇರಲಿ. ಪ್ರಜ್ಞೆ ಇಲ್ಲದೆ ವಾಂತಿಯಾಗುತ್ತಿದ್ದರೆ ಮಾತ್ರ ತಲೆ, ಕುತ್ತಿಗೆ, ಮೈ ಒಟ್ಟಿಗೆ ಹಿಡಿದು ಮಗ್ಗುಲಿಗೆ ಹೊರಳಿಸಿ.

ಡಬ್ಬಿಯಲ್ಲಿ ಇರಬಾರದ್ದು

ಕಾಫಿ ಪುಡಿ, ಅರಿಶಿನ, ಸುಣ್ಣ, ಸೀಮೆಎಣ್ಣೆ ಯಾವುದೂ ಬೇಡ. ದೊಡ್ಡ ಗಾಯದಲ್ಲಿ ಇವು ರಕ್ತ ನಿಲ್ಲಿಸುವುದಿಲ್ಲ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವ ಮೊದಲು ಅದನ್ನೆಲ್ಲ ಉಜ್ಜಿ ತೊಳೆಯಬೇಕಾಗುತ್ತದೆ. ಇನ್ನು ನನ್ನ ಇಲಾಖೆಯ ವಿಷಯ: ಹಸುವಿನ ಗಾಯಕ್ಕೆ ನೊಣ ಕೂರದಂತೆ ಹೊಡೆಯುವ ಸ್ಪ್ರೇ, ಕೊಟ್ಟಿಗೆಯ ಮುಲಾಮು ಮನುಷ್ಯರಿಗೆ ಹಾಕಬೇಡಿ. ಗಾಯ ಸಣ್ಣದಾಗಿದ್ದರೆ ಹರಿಯುವ ಶುದ್ಧ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ಧನುರ್ವಾಯು ಇಂಜೆಕ್ಷನ್ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕೊಟ್ಟಿಗೆ, ಸಗಣಿ, ಮಣ್ಣಿನ ನಡುವೆ ಕೆಲಸ ಮಾಡುವ ನಮಗೆ ಅದು ಮುಖ್ಯ.

ನೋವಿನ ಮಾತ್ರೆಯನ್ನೂ ಡಬ್ಬಿಯಲ್ಲಿ ಇಡಬೇಡಿ. ಇದ್ದರೆ ಯಾರೋ ಒಬ್ಬರು ಕೊಟ್ಟೇ ಕೊಡುತ್ತಾರೆ.

ಹಸು ಬಿದ್ದಿದ್ದರೆ

ರಸ್ತೆಯಲ್ಲಿ ಹಸುವಿಗೆ ಗಾಡಿ ತಾಗಿದಾಗಲೂ ಇದೇ ಗಾಜ್, ಇದೇ ಕ್ರೇಪ್ ಬ್ಯಾಂಡೇಜ್ ಕೆಲಸಕ್ಕೆ ಬರುತ್ತದೆ. ಒತ್ತುವ ರೀತಿಯೂ ಒಂದೇ. ಆದರೆ ಮನುಷ್ಯರೂ ಹಸುವೂ ಒಟ್ಟಿಗೆ ಬಿದ್ದಿದ್ದರೆ ಮೊದಲು ಮನುಷ್ಯರು. ಇದನ್ನು ಪಶುವೈದ್ಯೆಯಾಗಿ ನಾನೇ ಹೇಳುತ್ತಿದ್ದೇನೆ. ಹೆದರಿದ ಹಸು ತನ್ನ ಯಜಮಾನಿಯನ್ನೂ ಒದೆಯುತ್ತದೆ, ಆದ್ದರಿಂದ ತಲೆಗೆ ಹಗ್ಗ ಹಾಕದೆ ಹತ್ತಿರ ಕೂರಬೇಡಿ. ಬಾಲ ತಿರುಚಿ ಎಬ್ಬಿಸಬೇಡಿ. ಪೂರ್ತಿ ಮಗ್ಗುಲಾಗಿ ಬಿದ್ದಿದ್ದರೆ, ಕಾಲು ಮುರಿದಂತೆ ಕಾಣದಿದ್ದರೆ, ಎದೆಯ ಮೇಲೆ ಕೂರುವಂತೆ ಹುಲ್ಲಿನ ಮೂಟೆ ಒತ್ತಾಗಿ ಕೊಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಕರೆ ಮಾಡಿ.

ಕೇಸು, ದುಡ್ಡಿನ ಹೆದರಿಕೆ

"ಮುಟ್ಟಿದರೆ ಪೊಲೀಸ್ ಸ್ಟೇಷನ್ ಅಲೆಯಬೇಕು" ಅಂತ ಎಷ್ಟೋ ಜನ ದೂರ ನಿಲ್ಲುತ್ತಾರೆ. ಈಗ ಹಾಗಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡುವವರ ರಕ್ಷಣೆಯ ನಿಯಮಗಳನ್ನು ಎತ್ತಿಹಿಡಿಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ, ಏನೂ ಪ್ರತಿಫಲ ಬಯಸದೆ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಆಸ್ಪತ್ರೆಯಲ್ಲಿ ಬಿಟ್ಟು ನೀವು ಹಾಲು ಕರೆಯುವ ಹೊತ್ತಿಗೆ ಮನೆಗೆ ಬರಬಹುದು.

ಗಾಯಾಳುವಿನ ಮನೆಯವರಿಗೆ ಗೊತ್ತಿರಬೇಕಾದ್ದು ಇನ್ನೊಂದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಂತೆ, ಮೋಟಾರು ವಾಹನದಿಂದ ರಸ್ತೆ ಅಪಘಾತ ಆದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1 ಲಕ್ಷ 50 ಸಾವಿರ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಸಿಗಬೇಕು. ಆಸ್ಪತ್ರೆಯ ಕೌಂಟರಿನಲ್ಲಿ ಇದನ್ನು ಕೇಳಿ ಪಡೆಯಿರಿ.

ಎಲ್ಲಿ ಇಡಬೇಕು, ಯಾರು ನೋಡಿಕೊಳ್ಳಬೇಕು

ಸ್ಕೂಟಿಯ ಸೀಟಿನ ಕೆಳಗೆ ಬಿಸಿಲಿಗೆ ಒಲೆಯಂತಾಗುತ್ತದೆ. ಅಂಟುಪಟ್ಟಿಯ ಗೋಂದು ಕರಗುತ್ತದೆ, ಗ್ಲೌಸ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದ್ದರಿಂದ ಅಲ್ಲಿ ಗಾಜ್, ಕ್ರೇಪ್, ಕತ್ತರಿ, ತ್ರಿಕೋನ ಬಟ್ಟೆ, ಎರಡು ಜೊತೆ ಗ್ಲೌಸ್ ಇಷ್ಟನ್ನೇ ನೀರು ಹೋಗದ ಜಿಪ್ ಕವರಿನಲ್ಲಿ ಇಡಿ. ಎಲ್ಲ ಸಾಮಾನು ಇರುವ ದೊಡ್ಡ ಡಬ್ಬಿ ಒಂದು ಸಂಘದಲ್ಲಿ, ಒಂದು ಹಾಲು ಸಾಗಿಸುವ ವಾಹನದಲ್ಲಿ ಇರಲಿ. ಸಂಘದ ಡಬ್ಬಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಬೆರಳು ಕೊಟ್ಟವರಿಗೂ ಆಗುತ್ತದೆ. ಬೀಗ ಹಾಕಬೇಡಿ. ಕಾರ್ಯದರ್ಶಿ ಊರಿಗೆ ಹೋದ ದಿನವೇ ಅಪಘಾತ ಆಗುತ್ತದೆ.

ಕಳೆದ ವರ್ಷ ನಾನೇ ಜೀಪಿನಲ್ಲಿ ಇಟ್ಟ ಡಬ್ಬಿಯಿಂದ ಕತ್ತರಿ ಯಾವಾಗಲೋ ಮಾಯವಾಗಿತ್ತು. ಯಾರೋ ಕರುವಿನ ಹೊಕ್ಕುಳು ದಾರ ಕತ್ತರಿಸಲು ತೆಗೆದುಕೊಂಡವರು ಮರಳಿ ಇಟ್ಟಿರಲಿಲ್ಲ. ಬಹುಶಃ ಆ ಯಾರೋ ನಾನೇ. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ, ನಿಮಗೂ ಅದೇ ಹೇಳುತ್ತೇನೆ. ಬಟವಾಡೆಯ ದಿನ ಎಲ್ಲರೂ ಸಂಘಕ್ಕೆ ಬಂದೇ ಬರುತ್ತೀರಿ. ಆವತ್ತು ಡಬ್ಬಿ ತೆರೆದು ಒಬ್ಬರು ಪಟ್ಟಿ ಓದಲಿ, ಒಬ್ಬರು ಎಣಿಸಲಿ. ತಿಂಗಳಿಗೆ ಒಬ್ಬ ಸದಸ್ಯೆಯ ಸರದಿ. ಎಣಿಸಿದ ಮೇಲೆ ಒಬ್ಬರ ತೊಡೆಗೆ ಇನ್ನೊಬ್ಬರು ಕ್ರೇಪ್ ಬ್ಯಾಂಡೇಜ್ ಸುತ್ತಿ ನೋಡಿ, ನಗುತ್ತಾ ಮಾಡಿದರೂ ಪರವಾಗಿಲ್ಲ.

ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿ: 108, 112, 1962, ಹತ್ತಿರದ ಆಸ್ಪತ್ರೆಯ ನಂಬರು. ನಿಮ್ಮ ಸ್ಕೂಟಿಯ ಕವರಿನಲ್ಲಿ ನಿಮ್ಮ ಹೆಸರು, ಮನೆಯ ಒಬ್ಬರ ಫೋನ್ ನಂಬರು, ನೀವು ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಬರೆದಿಡಿ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮರೆಯದೆ, ದಪ್ಪ ಅಕ್ಷರದಲ್ಲಿ ಬರೆಯಿರಿ. ಕುಡುಗೋಲನ್ನು ಗೋಣಿಚೀಲದಲ್ಲಿ ಸುತ್ತಿ ಹುಲ್ಲಿನ ಹೊರೆಯ ಒಳಗೆ ಕಟ್ಟಿ, ಗಾಡಿಯ ಪಕ್ಕಕ್ಕೆ ಸಿಕ್ಕಿಸಬೇಡಿ.